ಹೊಳೆದಂಡೆ ಎಂದು ನಂಬಿಸಿ ನಾಲೆ ತೋರಿಸಿದರು

ಕಾವೇರಿಯ ದಂಡೆಯಲ್ಲಿ ಎರಡು ರಾತ್ರಿ ಕಳೆಯಬೇಕೆಂಬುದು ನನ್ನ ತಾಯಿಯ ಆಸೆಯಾಗಿತ್ತು. ಅವರಿಗೆ ಈಗ 73 ವರ್ಷ, ಎರಡೂ ಮಂಡಿಗಳಲ್ಲಿ ನೋವು. ಆರು ವರ್ಷಗಳ ಹಿಂದೆ ತಂದೆಯವರ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದ ಮೇಲೆ ಅವರು ಶ್ರೀರಂಗಪಟ್ಟಣದ ಕಡೆಗೆ ಹೋಗಿರಲೇ ಇಲ್ಲ. ಬೆಂಗಳೂರಿನ ಬಸವೇಶ್ವರನಗರದ ನಮ್ಮ ಮನೆಗೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪಾಗಿ ಬರುವುದೂ ಕಾವೇರಿಯೇ. "ನಲ್ಲಿಯಲ್ಲಿ ದಿನಾ ನೋಡುತ್ತೇನೆ, ಒಮ್ಮೆ ಅವಳು ಹರಿಯುವುದನ್ನು ಕೂತು ನೋಡಬೇಕು" ಎಂದು ಅಮ್ಮ ಹೇಳಿದ್ದರು.

ಶ್ರೀರಂಗಪಟ್ಟಣವೆಂದರೆ ಕಾವೇರಿ ಎರಡು ಕವಲಾಗಿ ಬಳಸಿ ಹೋಗಿ, ಸಂಗಮದಲ್ಲಿ ಮತ್ತೆ ಒಂದಾಗುವ ದ್ವೀಪ. ಅಂಥ ಊರಿನಲ್ಲಿ ನೀರು ಕಾಣುವ ಒಂದು ಕೋಣೆಯನ್ನು ಹುಡುಕುವುದು ಕಷ್ಟವಾಗಬಾರದಿತ್ತು. ಆದರೆ ಹನ್ನೆರಡು ದಿನ, ಕಚೇರಿಯಿಂದ ಬಂದ ಮೇಲೆ ರಾತ್ರಿ ಹನ್ನೊಂದರವರೆಗೆ ಕೂತು ನಾನು ಹುಡುಕಿದ್ದೇನೆ. 'ರಿವರ್ ವ್ಯೂ', 'ರಿವರ್ ಸೈಡ್', 'ರಿವರ್ ಟಚ್' ಎಂಬ ಹೆಸರುಗಳಿಗೆ ಲೆಕ್ಕವೇ ಇರಲಿಲ್ಲ. ಚಿತ್ರಗಳಲ್ಲಿ ಮಾತ್ರ ಅದೇ ಸೂರ್ಯಾಸ್ತ, ಅದೇ ಬಂಡೆ, ಅದೇ ತೆಪ್ಪ. ಕೊನೆಗೆ ಒಂದು ಹೋಮ್‌ಸ್ಟೇಯನ್ನು ಆರಿಸಿಕೊಂಡು, ದುಡ್ಡು ಕಟ್ಟುವ ಮೊದಲು ಮಾಲೀಕರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿದೆ: ಜಗಲಿಯಿಂದ ಹೊಳೆ ಕಾಣುತ್ತದೆಯೇ, ಕೋಣೆ ನೆಲಮಹಡಿಯಲ್ಲಿದೆಯೇ, ವೆಸ್ಟರ್ನ್ ಕಮೋಡ್ ಇದೆಯೇ. "ಬಾಗಿಲು ತೆಗೆದ್ರೆ ನೀರೇ ಮೇಡಂ" ಎಂದರು. ಎರಡು ರಾತ್ರಿಗೆ 11,600 ರೂಪಾಯಿಯನ್ನು ಪೂರ್ತಿ ಮುಂಗಡವಾಗಿ ಕಳಿಸಿದೆ.

2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಪ್ರಯಾಣವೇನೋ ಸುಗಮವಾಗಿತ್ತು. ಕೋಟೆಯ ಹತ್ತಿರ ಬಂದಾಗ ನಕ್ಷೆಯ ಗುರುತು ನಮ್ಮನ್ನು ನದಿಯ ಏರಿಗೇ ಕರೆದೊಯ್ದಿತು. ಅಲ್ಲಿ ಮನೆಯೇ ಇರಲಿಲ್ಲ. ಫೋನ್ ಮಾಡಿದರೆ "ಅದು ತಪ್ಪು ತೋರಿಸುತ್ತೆ, ಬೇರೆ ಲೊಕೇಶನ್ ಕಳಿಸ್ತೀನಿ" ಎಂದರು. ಅದು ಆರು ಕಿಲೋಮೀಟರ್ ಆಚೆ, ಕಬ್ಬಿನ ಗದ್ದೆಗಳ ನಡುವೆ ಇತ್ತು. ಮನೆಯ ಮುಂದೆ ಒಂದು ನಾಲೆ. ಆ ವಾರ ಅದಕ್ಕೆ ನೀರು ಬಿಟ್ಟಿರಲಿಲ್ಲ. ತಳದಲ್ಲಿ ಬಿರುಕು ಬಿಟ್ಟ ಕೆಸರು, ಅದರಲ್ಲಿ ಅರ್ಧ ಹೂತುಹೋದ ಒಂದು ರಸಗೊಬ್ಬರದ ಚೀಲ, ಏರಿಯ ಮೇಲೆ ಕಟ್ಟಿಹಾಕಿದ ಎಮ್ಮೆ. ಅಮ್ಮ ಕಾರಿನಿಂದ ಇಳಿದು, ಬಾಗಿಲನ್ನು ಹಿಡಿದುಕೊಂಡೇ ನಿಂತು "ಹೊಳೆ ಎಲ್ಲಮ್ಮಾ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸೊಬ್ಬರು ನಿಂತು, "ಇದು ನಾಲೆ ಕಣವ್ವ, ಹೊಳೆಗೆ ಇನ್ನೂ ಬೋ ದೂರ ಹೋಗ್ಬೇಕು" ಎಂದರು.

ಮಾಲೀಕರನ್ನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇಷ್ಟು: "ಅದೂ ಕಾವೇರಿ ನೀರೇ ಅಲ್ವಾ ಮೇಡಂ." ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಈ ಮಾತಿಗೇ. ಆ ಮಾತು ಸುಳ್ಳಲ್ಲ; ಆ ಸೀಮೆಯ ನಾಲೆಗಳಲ್ಲಿ ಹರಿಯುವುದು ಕಾವೇರಿಯ ನೀರೇ. ಆದರೆ ವಯಸ್ಸಾದ ಹೆಂಗಸೊಬ್ಬರು ಏನನ್ನು ನೋಡಲು ಬರುತ್ತಿದ್ದಾರೆಂದು ಫೋನಿನಲ್ಲಿ ಬಿಡಿಸಿ ಹೇಳಿದ ಮೇಲೂ, ಎಲ್ಲ ತಿಳಿದೇ ಮುಂಗಡ ಇಸಿದುಕೊಂಡವರು ಆಡುವ ಮಾತೇ ಅದು? ನೆಲಮಹಡಿಯ ಕೋಣೆಯನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಅಮ್ಮ ಹತ್ತೊಂಬತ್ತು ಮೆಟ್ಟಿಲುಗಳನ್ನು, ಹಿಡಿಕೆಯಿಲ್ಲದ ಕಡೆ ಗೋಡೆಗೆ ಕೈಯೂರಿ, ಒಂದೊಂದಕ್ಕೂ ನಿಂತು ನಿಂತು ಹತ್ತಿದರು. ಕೆಳಗಿನವರ ಪಾರ್ಟಿಯ ಸದ್ದು ರಾತ್ರಿ ಎರಡರವರೆಗೆ ಇತ್ತು.

ಹೊಳೆಯಲ್ಲಿ ನೀರು ಕಡಿಮೆಯಿದ್ದರೆ ನಾನು ಯಾರನ್ನೂ ದೂರುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆಯಿಂದ ಬಿಟ್ಟಷ್ಟೇ ನೀರು ಕೆಳಗೆ ಬರುವುದು, ಬೇಸಿಗೆಯಲ್ಲಿ ಬಂಡೆಗಳೇ ಹೆಚ್ಚು ಕಾಣುವುದು ಯಾರಿಗೆ ಗೊತ್ತಿಲ್ಲ? ಆದರೆ ಮನೆ ನದಿಯಿಂದ ಎಷ್ಟು ದೂರವಿದೆ ಎಂಬುದನ್ನು ನಿರ್ಧರಿಸುವುದು ಮಳೆಯಲ್ಲ, ಕಟ್ಟೆಯೂ ಅಲ್ಲ. ನೀರಿಗೆ ನಡೆದು ಹೋಗುವ ದಾರಿ ಎಷ್ಟು ಮೀಟರ್ ಎಂದು ಬರೆಯಲು ಒಂದು ಸಾಲು ಸಾಕು. ಕೋಣೆಯಲ್ಲಿ ಟಿ.ವಿ. ಎಷ್ಟು ಇಂಚಿನದು ಎಂದು ಬರೆಯುವ ಆ ಬುಕಿಂಗ್ ತಾಣಕ್ಕೆ ಈ ಒಂದು ಸಾಲು ಬರೆಸುವುದು ಕಷ್ಟವೇ?

ಎರಡನೆಯ ರಾತ್ರಿ ನಾವು ಅಲ್ಲಿ ಉಳಿಯಲಿಲ್ಲ. ಬೆಳಗ್ಗೆ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮವಾಹಿನಿಗೆ ಹೋದೆವು. ರಾತ್ರಿಯಿಡೀ ನಿದ್ದೆಯಿಲ್ಲದ, ಮಂಡಿ ಊದಿಕೊಂಡಿದ್ದ ಅಮ್ಮನಿಗೆ ಕೊನೆಯ ಮೆಟ್ಟಿಲಿನವರೆಗೆ ಇಳಿಯಲಾಗಲಿಲ್ಲ. ನಾನು ಚೊಂಬಿನಲ್ಲಿ ನೀರು ತಂದುಕೊಟ್ಟೆ. ಅವರು ಅದನ್ನು ತಲೆಗೆ ಪ್ರೋಕ್ಷಿಸಿಕೊಂಡು, ಅರ್ಧ ಗಂಟೆ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದರು.

ಹಣ ವಾಪಸು ಕೇಳಿ ತಾಣಕ್ಕೆ ನಾಲ್ಕು ಸಲ ಬರೆದೆ. "ಚಿತ್ರಗಳು ಪ್ರದೇಶದ ಸೌಂದರ್ಯವನ್ನು ಸೂಚಿಸುತ್ತವೆ" ಎಂಬ ಉತ್ತರ ನಾಲ್ಕು ಸಲವೂ ಬಂತು. ನಿನ್ನೆ ಮತ್ತೆ ತೆರೆದು ನೋಡಿದೆ. ಅದೇ ಸೂರ್ಯಾಸ್ತ, ಅದೇ ತೆಪ್ಪ, ನಕ್ಷೆಯ ಗುರುತು ಅದೇ ಏರಿಯ ಮೇಲೆ. ಬಾಡಿಗೆ ಮಾತ್ರ ರಾತ್ರಿಗೆ 500 ರೂಪಾಯಿ ಹೆಚ್ಚಾಗಿದೆ.