ಮೂರು ತಿಂಗಳಿಗೆಂದು ಬಂದ ಅಕ್ಕಿ

ಕೋವಿಡ್ ಮುಗಿದ ಮೇಲೆ ಎಲ್ಲ ಮೊದಲಿನ ಹಾಗೇ ಆಯಿತು ಎನ್ನುವ ಲೇಖನವೊಂದನ್ನು ಓದಿದೆ. ರೇಷನ್ ಅಂಗಡಿ ನೋಡಿದರೆ ಹಾಗೆ ಅನ್ನಿಸುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ತಲೆಗೆ 5 ಕೆಜಿ ಹೆಚ್ಚುವರಿ ಧಾನ್ಯವನ್ನು ಉಚಿತವಾಗಿ ಕೊಡಲು ಶುರು ಮಾಡಿದಾಗ ಅದು ಬರೀ ಮೂರು ತಿಂಗಳ ಮಾತು. ಆಮೇಲೆ ಮುಂದಕ್ಕೆ ಹೋಗುತ್ತಲೇ ಇತ್ತು. 2022ರ ಕೊನೆಗೆ ಹೆಚ್ಚುವರಿ ನಿಂತಿತು, ಆದರೆ ಆಹಾರ ಭದ್ರತಾ ಕಾಯ್ದೆಯ ಮಾಮೂಲಿ ಧಾನ್ಯವೇ ಪುಕ್ಕಟೆಯಾಯಿತು. (ಕರ್ನಾಟಕದಲ್ಲಿ ಅಕ್ಕಿ ಅದಕ್ಕೂ ಮೊದಲೇ ಉಚಿತವಿತ್ತು, ಬಿಡಿ.) 2024ರ ಜನವರಿಯಿಂದ ಮತ್ತೆ 5 ವರ್ಷ. ಸುಮಾರು 80 ಕೋಟಿ ಜನರ ಲೆಕ್ಕ ಇದು. ಇದನ್ನು ವಾಪಸ್ ತಗೊಳ್ಳುವ ಧೈರ್ಯ ಯಾವ ಪಕ್ಷಕ್ಕಿದೆ?

ವಲಸೆ ಕಾರ್ಮಿಕರ ಕಥೆ ಅಷ್ಟು ಚೆನ್ನಾಗಿಲ್ಲ. 2020ರ ಮೇ ತಿಂಗಳಲ್ಲಿ ಬಿಲ್ಡರ್‌ಗಳ ಜೊತೆ ಸಭೆಯಾದ ಮೇಲೆ ನಮ್ಮ ರಾಜ್ಯ ಸರ್ಕಾರ ಈ ಕಾರ್ಮಿಕರನ್ನು ಊರಿಗೆ ಕರೆದೊಯ್ಯಬೇಕಿದ್ದ ರೈಲುಗಳನ್ನೇ ರದ್ದು ಮಾಡಿಸಿತ್ತು. ಟೀಕೆ ಜಾಸ್ತಿಯಾದ ಮೇಲೆ ಮತ್ತೆ ಬಿಡಬೇಕಾಯಿತು. ಈಗ ಅವರ ರೇಷನ್ ಕಾರ್ಡ್ ಯಾವ ರಾಜ್ಯದಲ್ಲಾದರೂ ನಡೆಯುತ್ತದೆ, ಅದು ನಿಜವಾದ ಲಾಭ. ಅಗ್ಗದ ಬಾಡಿಗೆ ಮನೆ ಯೋಜನೆಯನ್ನೂ ಅದೇ ವರ್ಷ ಘೋಷಿಸಿದ್ದರು. ಬೆಂಗಳೂರಿನಲ್ಲಿ ಕಟ್ಟಡ ಕೆಲಸದ ಎಷ್ಟೋ ಜನ ಇವತ್ತಿಗೂ ತಗಡಿನ ಶೆಡ್‌ನಲ್ಲೇ ಇದ್ದಾರೆ, ಅಲ್ವಾ?