ಸಂಡೂರಿಗೆ ಹೊರಟ ಗ್ರಿಲ್

ಭಾನುವಾರ ನಮ್ಮ ಬೀದಿಗೆ ಬರುವ ಗುಜರಿಯವನಿಗೆ ನಮ್ಮ ಟೆರೇಸ್ ಮೇಲೆ ಕಣ್ಣು. "ಹಳೇ ಪೇಪರ್, ಕಬ್ಬಿಣ, ಖಾಲಿ ಬಾಟ್ಲಿ" ಅಂತ ಬೀದಿಯುದ್ದಕ್ಕೂ ಕೂಗುವವನು ನಮ್ಮ ಗೇಟಿನ ಮುಂದೆ ಮಾತ್ರ ಕೂಗು ನಿಲ್ಲಿಸಿ ಕತ್ತೆತ್ತುತ್ತಾನೆ. "ಸಾರ್, ಆ ಡಬ್ಬ ಇನ್ನೂ ಇದೆಯಾ? ತೂಕಕ್ಕೆ ಹಾಕ್ಬಿಡಿ." ಡಬ್ಬವಂತೆ! "ಅದು ಗ್ಯಾಸ್ ಗ್ರಿಲ್ ಕಣಯ್ಯಾ, ಅಮೆರಿಕದ್ದು" ಎಂದು ಮೇಲಿನಿಂದಲೇ ಹೇಳಿದೆ. "ಇರ್ಲಿ ಬಿಡಿ ಸಾರ್, ಅದಕ್ಕೂ ಅದೇ ರೇಟು" ಎಂದ.

ಅವನ ಮೇಲಿನ ಸಿಟ್ಟಿಗೇ ನಾನು ಅದನ್ನು ಸರಿಮಾಡಲು ಕೂತಿದ್ದು.

ಗ್ರಿಲ್ ನನ್ನ ಬಾಮೈದನದು. ಕಾಯಂ ಆಗಿ ವಾಪಸ್ ಬಂದೆ ಅಂತ ಸೋಫಾ, ಮಂಚ, ಗ್ರಿಲ್ ಎಲ್ಲವನ್ನೂ ಹಡಗಿನಲ್ಲಿ ತರಿಸಿಕೊಂಡಿದ್ದ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕೂತೂ ಕೂತೂ ಆ 'ಕಾಯಂ' ಕರಗಿಹೋಯಿತು. ಮತ್ತೆ ವಿಮಾನ ಹತ್ತುವಾಗ, "ಭಾವ, ಇದೊಂದು ನಿಮ್ಮಲ್ಲಿರಲಿ" ಎಂದ. ಸೋಫಾ ಅವನ ಅತ್ತೆಮನೆಗೆ ಹೋಯಿತು. ನಮಗೆ ಸಿಕ್ಕಿದ್ದು ಗ್ರಿಲ್. ಏಕಾದಶಿ, ಸಂಕಷ್ಟಿ ಅಂತ ಈರುಳ್ಳಿಯನ್ನೂ ಮುಟ್ಟದ ಮನೆ ನಮ್ಮದು. ಅದರ ಮೇಲೆ ಸುಡುವುದು ಬದನೆಕಾಯಿ, ಮುಸುಕಿನ ಜೋಳ, ಅಪರೂಪಕ್ಕೆ ಪನೀರು. ಆದರೂ ಒಂದು ಮಾತು. ಅದರ ಮೇಲೆ ಸುಟ್ಟ ಬದನೆಕಾಯಿಯ ಗೊಜ್ಜು ತಿಂದವರು ಅದನ್ನು ಡಬ್ಬ ಅನ್ನುವುದಿಲ್ಲ.

ತುಕ್ಕು ಹಿಡಿಸಿದ್ದು ಮಳೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಗುಮಾನಿ ಪಕ್ಕದ ಮನೆಯ ಓವರ್‌ಹೆಡ್ ಟ್ಯಾಂಕಿನ ಮೇಲೆ. ಮೋಟರ್ ಹಾಕಿ ಮರೆಯುವುದು ಅವರ ದಿನಚರಿ. ಟ್ಯಾಂಕ್ ತುಂಬಿ ಸುರಿದ ಬೋರ್‌ವೆಲ್ ನೀರು ಗಾಳಿಗೆ ನಮ್ಮ ಗ್ರಿಲ್ ಮೇಲೇ ಬೀಳುತ್ತದೆ. ಹೇಳಿದರೆ, "ಅಯ್ಯೋ, ಈಗ ತಾನೇ ಹಾಕಿದ್ದು ಅಂಕಲ್" ಅನ್ನುತ್ತಾರೆ. ಮಂಗಳೂರಿನಲ್ಲಿದ್ದಿದ್ದರೆ ಸಮುದ್ರದ ಉಪ್ಪುಗಾಳಿಯನ್ನು ಬಯ್ಯಬಹುದಿತ್ತು. ಇಲ್ಲಿ ಪಕ್ಕದ ಮನೆಯವರೇ ಗತಿ.

ಪ್ಲಾಸ್ಟಿಕ್ ಹೊದಿಕೆ ಹಾಕಿ ಅಂದರು ಕೆಲವರು. ಹಾಕಿ ನೋಡಿ. ಹೊರಗಿನ ಮಳೆ ಒಳಗೆ ಬರುವುದಿಲ್ಲ ನಿಜ. ಒಳಗಿನ ತೇವವೂ ಹೊರಗೆ ಹೋಗುವುದಿಲ್ಲ.

ಬಿಚ್ಚುವ ಕೆಲಸಕ್ಕೆ ಸ್ಟೌ ರಿಪೇರಿಯವನನ್ನು ಕರೆದೆ. ಅಮೆರಿಕದ ಸಿಲಿಂಡರ್ ಗ್ರಿಲ್‌ಗಳು ಬರೀ ಪ್ರೊಪೇನಿಗೆ ಮಾಡಿದವು; ನಮ್ಮ ಸಿಲಿಂಡರಿನಲ್ಲಿ ಬ್ಯೂಟೇನೂ ಬೆರೆತಿರುತ್ತದೆ. ಜೆಟ್, ರೆಗ್ಯುಲೇಟರ್, ಪೈಪು ಎಲ್ಲವನ್ನೂ ಅವನೇ ನೋಡಿ ಬದಲಾಯಿಸಿದ. ಒಂದು ಬರ್ನರ್ ಮಾತ್ರ ಹತ್ತಲೊಲ್ಲದು. ಕೊಳವೆಯನ್ನು ನೆಲಕ್ಕೆ ಕುಟ್ಟಿದ. ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು ಬಿತ್ತು. ಕಣಜದ್ದು. ಒಡೆದರೆ ಒಳಗೆ ಸಾಲಾಗಿ ತುರುಕಿಟ್ಟ ಜೇಡಗಳು, ಕಾಲು ಮಡಚಿಕೊಂಡು ಒಣಗಿದ್ದವು. ಮರಿಗಳಿಗೆ ಅಂತ ತಾಯಿ ಕಟ್ಟಿಟ್ಟ ಬುತ್ತಿ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ಪ್ರತಿ ಜಾಯಿಂಟನ್ನೂ ನೋಡಿ, ದುಡ್ಡು ತಗೊಂಡು ಹೋದ.

ಉಳಿದದ್ದು ತುಕ್ಕು. ಅದನ್ನು ತಡೆಯುವ ಗುಟ್ಟು ಹೇಳುತ್ತೇನೆ. ಅದಕ್ಕೆ ಮೊದಲು ತುಕ್ಕು ಅಂದರೇನು ಅಂತ ಗೊತ್ತಿರಬೇಕಲ್ವಾ? ಕಬ್ಬಿಣ, ಆಮ್ಲಜನಕ, ನೀರು ಸೇರಿದರೆ ಕಬ್ಬಿಣದ ಆಕ್ಸೈಡ್. ಸಂಡೂರಿನ ಗುಡ್ಡಗಳಲ್ಲಿ ಕೆಂಪಗೆ ಕಾಣುವ ಅದಿರೂ ಕಬ್ಬಿಣದ ಆಕ್ಸೈಡೇ. ಕುಲುಮೆಯಲ್ಲಿ ಕಾಯಿಸಿ ಆಮ್ಲಜನಕವನ್ನು ಬಿಡಿಸಿದರೆ ಕಬ್ಬಿಣ. ಬಿಟ್ಟರೆ ಮತ್ತೆ ಅದೇ ಕೆಂಪು. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು ಹಬ್ಬ ಬಂದಕೂಡಲೇ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುತ್ತಾರಲ್ಲ, ಕಬ್ಬಿಣದ್ದೂ ಅದೇ ಬುದ್ಧಿ. ಸ್ವಲ್ಪ ನೀರು ಸಿಕ್ಕರೆ ಸಾಕು, ಊರಿಗೆ ಹೊರಡುತ್ತದೆ.

ಇದೇ ಆಕ್ಸೈಡಿನ ಪುಡಿಯನ್ನು ನಾವು ದುಡ್ಡು ಕೊಟ್ಟು ತಂದು ನೆಲಕ್ಕೆ ಹಾಕಿಸಿಕೊಳ್ಳುತ್ತಿದ್ದೆವು. ರೆಡ್ ಆಕ್ಸೈಡ್ ನೆಲ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳನ್ನು ಹೊಕ್ಕವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಬಸವನಗುಡಿಯಲ್ಲಿದ್ದ ನಮ್ಮಜ್ಜಿ ಮನೆಯ ನಡುಮನೆಯದು ಅಂಚಿಗೆ ಕಪ್ಪು ಪಟ್ಟಿಯಿದ್ದ ಕೆಂಪು ನೆಲ. ಮಧ್ಯಾಹ್ನದ ಹೊತ್ತು ಅದರ ಮೇಲೆ ಬರೀ ಮೈಯಲ್ಲಿ ಮಲಗಿದರೆ ಫ್ಯಾನ್ ಬೇಕಿರಲಿಲ್ಲ. ಒರೆಸಿದಷ್ಟೂ, ನಡೆದಷ್ಟೂ ಹೊಳಪು ಜಾಸ್ತಿ. ವರ್ಷಕ್ಕೊಮ್ಮೆ, ಗೌರಿ ಹಬ್ಬಕ್ಕೆ ಮುಂಚೆ, ಅಜ್ಜಿ ಬಟ್ಟೆಗೆ ನಾಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಇಡೀ ನಡುಮನೆ ತಿಕ್ಕುತ್ತಿದ್ದಳು. ಅವತ್ತು ಅತ್ತೆಯರು ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದರು. ಊಟಕ್ಕೆ ಮಣೆ ಹಾಕುವಾಗ ಅಜ್ಜಿಯ ಕಣ್ಣೆಲ್ಲ ನಮ್ಮ ಕೈ ಮೇಲೇ. "ಮಣೆ ಎಳೀಬೇಡ್ವೋ, ಎತ್ತಿಡೋ!" ಎಳೆದರೆ ಕೆಂಪಿನ ಮೇಲೆ ಬಿಳೀ ಗೆರೆ ಬೀಳುತ್ತಿತ್ತು. ಒರಳು ಕೂರಿಸಿದ್ದ ಜಾಗದಲ್ಲಿ ಮಾತ್ರ ಮಂಕು ಬಣ್ಣದ ಒಂದು ಉಂಗುರ. ಅದು ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಅಜ್ಜಿ ಹೋದಮೇಲೆ ಮಾವಂದಿರು ಪಾಲು ಮಾಡಿಕೊಂಡರು. ಜೆಸಿಬಿ ಬಂತು. ಕೆಂಪು ಚೂರುಗಳು ಲಾರಿ ಹತ್ತಿದವು. ಈಗ ಅಲ್ಲಿರುವುದು ವಿಟ್ರಿಫೈಡ್ ಟೈಲ್ಸ್. ಹಾಲು ಚೆಲ್ಲಿದರೆ ಕಾಣದಷ್ಟು ಬಿಳುಪು, ಕಾಲಿಟ್ಟರೆ ಜಾರುವಷ್ಟು ನುಣುಪು. ಇರಲಿ, ಅವರ ಮನೆ, ಅವರಿಷ್ಟ. ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮೊನ್ನೆ ಹಳೇ ಮನೆಯೊಂದರಲ್ಲಿ ತೆರೆದ ಕೆಫೆಗೆ ಮಗಳು ಕರೆದುಕೊಂಡು ಹೋದಳು. ಮೆನು ತಂದ ಹುಡುಗ ನೆಲದ ಕಡೆ ಬೆರಳು ಮಾಡಿ, "ಒರಿಜಿನಲ್ ಆಕ್ಸೈಡ್ ಫ್ಲೋರ್ ಸರ್, ಈಗ ಸಿಗಲ್ಲ" ಎಂದು ನನಗೇ ಪಾಠ ಹೇಳಿದ. ಒಂದು ಲೋಟ ಫಿಲ್ಟರ್ ಕಾಫಿಗೆ ಅವರು ಹಾಕಿದ ಬಿಲ್ಲಿನಲ್ಲಿ ಅಜ್ಜಿ ಒಂದು ತಿಂಗಳು ಮನೆ ನಡೆಸುತ್ತಿದ್ದಳು. ಸಿಗಲ್ಲವಂತೆ! ಇದ್ದದ್ದನ್ನೆಲ್ಲ ಒಡೆದು ಹಾಕಿದರೆ ಎಲ್ಲಿಂದ ಸಿಗುತ್ತದೆ? ಅಷ್ಟು ಸಾಲದು ಅಂತ, ಅದೇ ನೆಲದ ಮೇಲೆ ಪಕ್ಕದ ಟೇಬಲ್ಲಿನವರು ಕಬ್ಬಿಣದ ಕುರ್ಚಿಯನ್ನು ಕರ್ರೆಂದು ಎಳೆದರು. ಹಿಂದಿನಿಂದ ಅಜ್ಜಿ ಕೂಗಿದಂತಾಯಿತು. ಕೂಗಿದ್ದು ನಾನೇ ಅಂತ ಮಗಳು ಇವತ್ತಿಗೂ ವಾದ ಮಾಡುತ್ತಾಳೆ.

ಗ್ರಿಲ್ ವಿಷಯ ಅಲ್ಲವಾ? ಹೂಂ.

ಸುಡುವ ಕಂಬಿಗಳನ್ನು ವಿನೆಗರಿನಲ್ಲಿ ನೆನೆಹಾಕಿ ತಿಕ್ಕಿದರೆ ತುಕ್ಕು ಬಿಡುತ್ತದೆ. ತೊಳೆದು ಹಾಗೇ ಬಿಟ್ಟರೆ ಕಾಫಿ ಕುಡಿದು ಬರುವುದರೊಳಗೆ ಕಂಬಿಯ ಮೇಲೆ ಕಿತ್ತಳೆ ಬಣ್ಣದ ಹೊಸ ಪುಡಿ. ಅದಕ್ಕೇ ತೊಳೆದ ಕೂಡಲೇ ಒರೆಸಿ, ಬೆಂಕಿಯ ಮೇಲೆ ಒಣಗಿಸಿ, ದೋಸೆ ಕಾವಲಿ ಪಳಗಿಸುವಾಗ ಮಾಡುವಂತೆ ತೆಳ್ಳಗೆ ಎಣ್ಣೆ ಹಚ್ಚಿ ಕಾಯಿಸಬೇಕು. ವೈರ್ ಬ್ರಷ್ ಬಳಸಿದರೆ ಉದುರಿದ ಎಳೆ ಕಂಬಿಗೆ ಅಂಟಿಕೊಂಡಿದೆಯಾ ನೋಡಿಕೊಳ್ಳಿ, ಗಂಟಲಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಕಲಾಸಿಪಾಳ್ಯದ ಅಂಗಡಿಯವನು ಕಂಬಿಯ ಬದಲು ಸತು ಲೇಪಿಸಿದ ಜಿ.ಐ. ಜಾಲರಿ ಹಾಕಿ, ತುಕ್ಕೇ ಹಿಡಿಯಲ್ಲ ಎಂದ. ಹಿಡಿಯಲ್ಲ ಸರಿ. ಅದರ ಮೇಲಿನ ಸತು 420 ಡಿಗ್ರಿಗೆಲ್ಲ ಕರಗುತ್ತದೆ, ತೀರಾ ಕಾದರೆ ಹೊಗೆಯಾಗುತ್ತದೆ, ಆ ಹೊಗೆ ಕುಡಿದವರಿಗೆ ಜ್ವರ. ಹೇಳಿದೆ. "ನೀವೇನ್ ಸಾರ್ ಮೇಷ್ಟ್ರಾ?" ಎಂದ.

ಹೊರಮೈಗೆ ಜೆ.ಸಿ. ರಸ್ತೆಯಿಂದ ಬೈಕ್ ಸೈಲೆನ್ಸರಿಗೆ ಹೊಡೆಯುವ ಕಪ್ಪು ಹೀಟ್‌ಪ್ರೂಫ್ ಪೇಂಟ್ ತಂದೆ. ಎಮರಿ ಪೇಪರಿನಲ್ಲಿ ಬರೀ ಲೋಹ ಕಾಣುವ ತನಕ ಉಜ್ಜಿ, ಎರಡು ಕೋಟ್ ಹೊಡೆದೆ. ಒಳಗೆ, ತಿನ್ನುವ ಪದಾರ್ಥ ತಾಗುವಲ್ಲಿ ಪೇಂಟ್ ಸೋಕಿಸಲಿಲ್ಲ.

ಎಲ್ಲ ಮುಗಿದ ಮೇಲೆ ನೆಂಟರನ್ನು ಟೆರೇಸಿಗೆ ಊಟಕ್ಕೆ ಕರೆದೆವು. "ಹೊಸದಾ ಭಾವ? ಎಷ್ಟಾಯ್ತು?" ಅಂತ ಷಡ್ಡಕ ಕೇಳಿದ. ಉತ್ತರಕ್ಕೆ ಕಾಯಲಿಲ್ಲ. ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು, ತಳದಲ್ಲಿ ನೀರು ಜಿನುಗುತ್ತಿರುವಂತೆಯೇ, ಗ್ರಿಲ್ಲಿನ ಪಕ್ಕದ ಹಲಗೆಯ ಮೇಲೆ ಇಟ್ಟ. ಎತ್ತಿ, ಹಲಗೆ ಒರೆಸಿ, ಲೋಟ ಅವನ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು ಮತ್ತೆ ಅಲ್ಲೇ ಇಟ್ಟ.