ಕಿಪ್‌ಚೋಗೆಯನ್ನು ನೋಡಬೇಕಾದ್ದು ವಿಯೆನ್ನಾದಲ್ಲಲ್ಲ, ಬರ್ಲಿನ್‌ನ 25ನೇ ಕಿಲೋಮೀಟರಿನ ನಂತರ

ಕೀನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ ಹೆಸರೆತ್ತಿದರೆ ಸಾಕು, ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಮ್ಯಾರಥಾನನ್ನು (42.195 ಕಿ.ಮೀ.) ಎರಡು ಗಂಟೆಯೊಳಗೆ ಓಡಿ ಮುಗಿಸಿದ ಮನುಷ್ಯ. 2019ರ ಅಕ್ಟೋಬರ್ 12, ವಿಯೆನ್ನಾ, 1:59:40. ಆ ಓಟದ ಬಗ್ಗೆ ನನಗೂ ಗೌರವವಿದೆ. ಆದರೆ ಇಪ್ಪತ್ತು ವರ್ಷದ ದುಡಿಮೆಯನ್ನೆಲ್ಲ ಆ ಒಂದು ಬೆಳಗಿಗೆ ಕಟ್ಟಿಹಾಕಿದರೆ ಅವರಿಗೇ ಅನ್ಯಾಯ ಮಾಡಿದಂತೆ. ಅವರ ಅತಿ ದೊಡ್ಡ ಓಟ ಅದಕ್ಕೂ 13 ತಿಂಗಳು ಮುಂಚೆಯೇ, 2018ರ ಸೆಪ್ಟೆಂಬರ್ 16ರಂದು ಬರ್ಲಿನ್‌ನಲ್ಲಿ ಆಗಿಹೋಗಿತ್ತು. ಯಾಕೆ ಹೀಗೆ ಹೇಳುತ್ತೇನೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ವಿಯೆನ್ನಾದಲ್ಲಿ ಏನೇನಿತ್ತು ನೋಡಿ. ಪ್ರಾಟರ್ ಉದ್ಯಾನದಲ್ಲಿ ಮರಗಳ ನಡುವೆ ನೇರವಾಗಿ ಹೋಗುವ ರಸ್ತೆ, ಸುತ್ತಿಗೆ 9.6 ಕಿ.ಮೀ., ಏರಿಳಿತ ಇಲ್ಲವೆನ್ನುವಷ್ಟು ಸಮತಟ್ಟು. ಓಟ ಯಾವ ಹೊತ್ತಿಗೆ ಶುರುವಾಗಬೇಕು ಅನ್ನುವುದನ್ನು ಹವಾಮಾನ ನೋಡಿಕೊಂಡು ಗೊತ್ತುಮಾಡಿದರು. ಒಟ್ಟು 41 ಪೇಸರ್‌ಗಳು, ಅಂದರೆ ವೇಗ ಹಿಡಿದುಕೊಡಲು ಜೊತೆಗೆ ಓಡುವವರು, ಒಂದು ಹೊತ್ತಿಗೆ 7 ಜನ. ಐವರು ಮುಂದೆ, ಇಬ್ಬರು ಹಿಂದೆ. ಮುಂದಿನವರ ಸಾಲು ವಿ ಅಕ್ಷರದ ಹಾಗೆ, ಅದರ ಬಾಯಿ ಓಟದ ದಿಕ್ಕಿಗೆ ತೆರೆದುಕೊಂಡಿತ್ತು. ಅವರ ಮುಂದೆ ಎಲೆಕ್ಟ್ರಿಕ್ ಕಾರು, ಅದರಿಂದ ರಸ್ತೆಯ ಮೇಲೆ ಬೀಳುವ ಲೇಸರ್ ಗೆರೆ. ಗೆರೆಯ ಮೇಲೆ ಕಾಲಿಟ್ಟುಕೊಂಡು ಹೋದರೆ ವೇಗದ ಲೆಕ್ಕ ತಪ್ಪುವುದಿಲ್ಲ. ಕುಡಿಯುವ ಬಾಟಲಿಯನ್ನು ಸೈಕಲ್‌ನಲ್ಲಿ ಬಂದು ಕೈಗೇ ಕೊಡುತ್ತಿದ್ದರು.

ಗಂಟೆಗೆ 21 ಕಿ.ಮೀ. ವೇಗದಲ್ಲಿ ಓಡುವವನಿಗೆ ಗಾಳಿ ಇಲ್ಲದ ದಿನವೂ ಎದುರುಗಾಳಿಯೇ. ಆ ಗಾಳಿಯನ್ನು ಬೇರೆಯವರು ಎದೆಗೊಟ್ಟು ತಡೆದರೆ ಅದೇ ಶಕ್ತಿಯಲ್ಲಿ ಇನ್ನಷ್ಟು ಜೋರಾಗಿ ಹೋಗಬಹುದು. ನಡುನಡುವೆ ಹೊಸ ಪೇಸರ್‌ಗಳು ಬಂದು ಸೇರಿಕೊಂಡಿದ್ದರಿಂದ, ಮುಕ್ತ ಸ್ಪರ್ಧೆಯೂ ಆಗಿರದಿದ್ದರಿಂದ ಅದು ವಿಶ್ವದಾಖಲೆಯ ಪಟ್ಟಿಗೆ ಸೇರಲಿಲ್ಲ. ಸರಿಯಾದ ತೀರ್ಮಾನವೇ. ಮನುಷ್ಯನ ಕಾಲು ಇಷ್ಟು ದೂರ ಇಷ್ಟು ವೇಗ ತಾಳಬಲ್ಲದು ಎಂದು ತೋರಿಸಿದ ಪ್ರಯೋಗ ಅದು. ಓಟದ ಸ್ಪರ್ಧೆಯೇ ಬೇರೆ.

ಈಗ ಬರ್ಲಿನ್. ಅಲ್ಲಿ ಇದ್ದದ್ದು ಮೂವರೇ ಪೇಸರ್‌ಗಳು. 30 ಕಿ.ಮೀ. ತನಕ ಎಳೆದುಕೊಂಡು ಹೋಗಬೇಕು ಅನ್ನುವುದು ಲೆಕ್ಕ. 15 ಕಿ.ಮೀ. ಆಗುವಷ್ಟರಲ್ಲಿ ಇಬ್ಬರು ಕೈಚೆಲ್ಲಿದರು. ಉಳಿದಿದ್ದ ಜೋಸ್ಫಾಟ್ ಬೊಯಿಟ್ 25ಕ್ಕೆ ನಿಂತರು. ಇನ್ನೂ 17 ಕಿ.ಮೀ. ಬಾಕಿ. ಮುಂದೆ ಯಾರೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ, ಹಿಂದಿನವರು ಕಣ್ಣಿಗೂ ಕಾಣದಷ್ಟು ದೂರ.

ದೂರದ ಓಟ ಬಲ್ಲವರಿಗೆ ಇಲ್ಲಿ ಏನು ಕೆಡುತ್ತದೆ ಅಂತ ಗೊತ್ತು. ಒಂಟಿಯಾದ ಓಟಗಾರ ತನಗೇ ಅರಿವಾಗದಂತೆ ಕಿಲೋಮೀಟರಿಗೆ ಎರಡು ಮೂರು ಸೆಕೆಂಡ್ ಬಿಟ್ಟುಕೊಡುತ್ತಾನೆ. 17 ಕಿ.ಮೀ.ಗೆ ಅದು ಮುಕ್ಕಾಲು ನಿಮಿಷದಷ್ಟಾಗುತ್ತದೆ. ಅದರ ಭಯಕ್ಕೆ ಕೆಲವರು ಒಮ್ಮೆಲೇ ಜೋರು ಮಾಡಿ, 35ರ ಹೊತ್ತಿಗೆ ಕಾಲು ಕಲ್ಲಾಗಿ ನಿಂತುಬಿಡುತ್ತಾರೆ. ಕಿಪ್‌ಚೋಗೆ ಎರಡನ್ನೂ ಮಾಡಲಿಲ್ಲ. ಮೊದಲರ್ಧ 61 ನಿಮಿಷ 6 ಸೆಕೆಂಡ್, ಎರಡನೇ ಅರ್ಧ 60 ನಿಮಿಷ 33 ಸೆಕೆಂಡ್. ಒಂಟಿಯಾಗಿದ್ದ ಭಾಗವೇ ಹೆಚ್ಚಾಗಿದ್ದ ಅರ್ಧ ಇನ್ನೂ ವೇಗ! ಒಟ್ಟು 2:01:39, ಅಂದರೆ ಕಿಲೋಮೀಟರಿಗೆ 2 ನಿಮಿಷ 53 ಸೆಕೆಂಡ್. 400 ಮೀಟರಿನ ಟ್ರ್ಯಾಕಿನಲ್ಲಿ ಒಂದು ಸುತ್ತನ್ನು 69 ಸೆಕೆಂಡಿನಲ್ಲಿ ಓಡಿ ನೋಡಿ. ಅವರು ಅದನ್ನೇ ನಿಲ್ಲದೆ 105 ಸಲ ಮಾಡಿದ್ದಾರೆ.

ಇದರ ತೂಕ ತಿಳಿಯಬೇಕಾದರೆ ಅದಕ್ಕೆ ಮುಂಚಿನ ದಾಖಲೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. 2003ರಲ್ಲಿ ಪಾಲ್ ಟೆರ್ಗಟ್ 2:04:55 ಓಡಿದರು. ಆಮೇಲೆ ಹೈಲೆ ಗೆಬ್ರೆಸೆಲಾಸಿ ಎರಡು ಸಲ, ನಂತರ ಪ್ಯಾಟ್ರಿಕ್ ಮಕಾವು, ವಿಲ್ಸನ್ ಕಿಪ್‌ಸಂಗ್, ಡೆನ್ನಿಸ್ ಕಿಮೆಟ್ಟೊ ದಾಖಲೆ ಇಳಿಸಿದರು. ಎಲ್ಲವೂ ಬರ್ಲಿನ್‌ನಲ್ಲೇ. ಒಂದೊಂದು ಸಲ ಇಳಿದದ್ದು 15ರಿಂದ 29 ಸೆಕೆಂಡ್, ಅಷ್ಟೆ. ಕಗ್ಗಲ್ಲಿನಂಥ ದಾಖಲೆಯನ್ನು ಉಳಿ ಹಿಡಿದು ಚೂರುಚೂರೇ ಕೆತ್ತಿದ ಹಾಗೆ. ಕಿಪ್‌ಚೋಗೆ ಕಿಮೆಟ್ಟೊ ಅವರ 2:02:57ರಿಂದ ಒಂದೇ ಏಟಿಗೆ 78 ಸೆಕೆಂಡ್ ಉದುರಿಸಿದರು. ಅಷ್ಟು ದೊಡ್ಡ ಇಳಿತ 1967ರ ನಂತರ ಆಗಿರಲಿಲ್ಲ. ಅದೇ ದಿನ ಎರಡನೆಯವರಾಗಿ ಬಂದ ಏಮೋಸ್ ಕಿಪ್ರುಟೊ ಸಮಯ 2:06:23. ನಡುವೆ 4 ನಿಮಿಷ 44 ಸೆಕೆಂಡ್, ರಸ್ತೆಯ ಮೇಲೆ ಸುಮಾರು ಒಂದೂವರೆ ಕಿಲೋಮೀಟರ್ ಅಂತರ.

ಶೂ ವಿಷಯ ಬಿಟ್ಟು ಇದನ್ನು ಬರೆದರೆ ಪ್ರಾಮಾಣಿಕವಾಗುವುದಿಲ್ಲ. ಹಗುರ ಫೋಮಿನ ದಪ್ಪ ಅಟ್ಟೆ, ಒಳಗೊಂದು ಕಾರ್ಬನ್ ತಟ್ಟೆ ಇರುವ ಶೂಗಳು ಈ ಕ್ರೀಡೆಯ ಸಮಯಗಳನ್ನೆಲ್ಲ ಮೇಲೆ ಕೆಳಗೆ ಮಾಡಿದವು. ಕಾಲು ಊರಿದಾಗ ಹೋಗುವ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಆ ಫೋಮು ವಾಪಸ್ ಕೊಡುತ್ತದೆ, ಜೊತೆಗೆ ಮೀನಖಂಡ ಬೇಗ ಸೋಲುವುದಿಲ್ಲ. 2020ರಲ್ಲಿ ಈ ಕ್ರೀಡೆಯ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ರಸ್ತೆ ಓಟದ ಶೂ ಅಟ್ಟೆ 40 ಮಿ.ಮೀ. ಮೀರಬಾರದು, ತಟ್ಟೆ ಒಂದೇ ಇರಬೇಕು ಎಂದು ಮಿತಿ ಹಾಕಿತು. ಹಾಗಾಗಿ 2014ರ ಕಿಮೆಟ್ಟೊ ಸಮಯವನ್ನೂ 2018ರ ಕಿಪ್‌ಚೋಗೆ ಸಮಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ, ಒಪ್ಪುತ್ತೇನೆ. ಆದರೆ ಶೂ ಬರುವ ಮುಂಚಿನ ಕಿಪ್‌ಚೋಗೆಯನ್ನೂ ನೋಡಬೇಕಲ್ಲ? 2015ರ ಬರ್ಲಿನ್‌ನಲ್ಲಿ ಅವರ ಎರಡೂ ಶೂಗಳ ಒಳಹಾಸು ಕಿತ್ತು ಹಿಮ್ಮಡಿಯ ಹಿಂದೆ ನಾಲಗೆಯ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನಿಂತು ಸರಿಮಾಡಿಕೊಂಡರೆ ಲಯ ಹೋಗುತ್ತದೆ. ನಿಲ್ಲಲಿಲ್ಲ. ಪಾದ ಉಜ್ಜಿ ರಕ್ತ ಬಂದಿತ್ತು. ಆ ಸ್ಥಿತಿಯಲ್ಲಿ 2:04:00 ಓಡಿ ಗೆದ್ದರು. ನಾನು ಹೇಳುತ್ತಿರುವುದು ಆ ಮನುಷ್ಯನ ಬಗ್ಗೆ.

ಟ್ರ್ಯಾಕಿನ ಕಾಲವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1984ರಲ್ಲಿ, ಕೀನ್ಯಾದ ನಂದಿ ಕೌಂಟಿಯ ಕಪ್ಸಿಸಿಯ್ವಾದಲ್ಲಿ (ನಮ್ಮ ನಂದಿಬೆಟ್ಟಕ್ಕೂ ಅದಕ್ಕೂ ಹೆಸರಷ್ಟೇ ಒಂದು). 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್ (ಅಡೆತಡೆ ಹಾರುವ ಓಟ) ಬೆಳ್ಳಿ ಗೆದ್ದ ಪ್ಯಾಟ್ರಿಕ್ ಸಾಂಗ್ ಅದೇ ಸೀಮೆಯವರು. ಹುಡುಗ ಹೋಗಿ ತರಬೇತಿಯ ಪಟ್ಟಿ ಕೇಳಿ ಪಡೆದ, ಮುಗಿಸಿಕೊಂಡು ಬಂದು ಮತ್ತೆ ಕೇಳಿದ. ಗುರು ಶಿಷ್ಯರ ನಂಟು ಅಲ್ಲಿಂದ ಶುರು. 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನ 5000 ಮೀ.ನಲ್ಲಿ 18ರ ಕಿಪ್‌ಚೋಗೆ 12:52.79ರಲ್ಲಿ ಗುರಿ ಮುಟ್ಟಿ, ಆ ಕಾಲದ ದಿಗ್ಗಜ ಹಿಶಾಮ್ ಎಲ್ ಗೆರೂಜ್ ಅವರನ್ನು ಸೆಕೆಂಡಿನ ನೂರರಲ್ಲಿ 4 ಭಾಗದಷ್ಟರಿಂದ ಹಿಂದಿಕ್ಕಿದರು. ಕೆನೆನಿಸಾ ಬೆಕೆಲೆ ಮೂರನೆಯವರು. 2004ರ ಅಥೆನ್ಸ್‌ನಲ್ಲಿ ಕಂಚು, 2008ರ ಬೀಜಿಂಗ್‌ನಲ್ಲಿ ಬೆಳ್ಳಿ.

ಆಮೇಲೆ 2012. ಕೀನ್ಯಾದ ಒಲಿಂಪಿಕ್ ಆಯ್ಕೆಯಲ್ಲಿ 5000ಕ್ಕೂ ಇಲ್ಲ, 10,000ಕ್ಕೂ ಇಲ್ಲ. ವಯಸ್ಸು 27. ಕೀನ್ಯಾದಂಥ ಕಡೆ ಹಿಂದೆ ಸಾಲುಗಟ್ಟಿ ನಿಂತ ಹುಡುಗರಿರುವಾಗ ಅಲ್ಲಿಗೆ ಕತೆ ಮುಗಿಯುವುದೇ ಹೆಚ್ಚು. ಅದೇ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲಿಲ್‌ನಲ್ಲಿ ಹಾಫ್ ಮ್ಯಾರಥಾನನ್ನು 59:25ಕ್ಕೆ ಓಡಿದರು. 2013ರ ಏಪ್ರಿಲ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನ್: 2:05:30, ಗೆಲುವು. ಅಲ್ಲಿಂದ 2022ರ ಬರ್ಲಿನ್ ತನಕ ಅಧಿಕೃತವಾಗಿ ಓಡಿದ 17 ಮ್ಯಾರಥಾನ್‌ಗಳಲ್ಲಿ 15 ಗೆದ್ದರು. ಹತ್ತು ವರ್ಷಕ್ಕೆ ಬರೀ 17, ವರ್ಷಕ್ಕೆ ಎರಡೂ ಪೂರ್ತಿ ಬೀಳುವುದಿಲ್ಲ. ಸಿಕ್ಕ ಸಿಕ್ಕ ಓಟಕ್ಕೆಲ್ಲ ಕಾಲು ಕೊಟ್ಟಿದ್ದರೆ ಇಷ್ಟು ಬಾಳಿಕೆ ಬರುತ್ತಲೇ ಇರಲಿಲ್ಲ.

ಬರ್ಲಿನ್‌ನ ಆ 17 ಕಿಲೋಮೀಟರ್ ತಯಾರಾದದ್ದು ಕಪ್ಟಗಟ್‌ನಲ್ಲಿ. ಎಲ್ಡೊರೆಟ್ ಹತ್ತಿರದ ಊರು, ಸಮುದ್ರಮಟ್ಟದಿಂದ ಸುಮಾರು 2400 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಇನ್ನೂ 450 ಮೀಟರಿನಷ್ಟು ಮೇಲೆ! ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ, ಅದನ್ನು ತುಂಬಿಕೊಳ್ಳಲು ದೇಹ ಕೆಂಪು ರಕ್ತಕಣ ಹೆಚ್ಚಿಸಿಕೊಳ್ಳುತ್ತದೆ. ಕ್ಯಾಂಪಿನಲ್ಲಿ ಕೋಣೆಗೆ ಇಬ್ಬರು, ನೆಲ ಗುಡಿಸುವುದು, ಶೌಚಾಲಯ ತೊಳೆಯುವುದು ಸರದಿಯ ಮೇಲೆ. ಒಲಿಂಪಿಕ್ ಚಾಂಪಿಯನ್‌ಗೂ ಸರದಿ ತಪ್ಪುವುದಿಲ್ಲ. ಮನೆ ಎಲ್ಡೊರೆಟ್‌ನಲ್ಲೇ ಇದ್ದರೂ ಹೋಗುವುದು ವಾರದ ಕೊನೆಗೆ. ಊಟಕ್ಕೆ ಉಗಾಲಿ, ಅಂದರೆ ಜೋಳದ ಹಿಟ್ಟಿನ ಮುದ್ದೆ ಅನ್ನಿ (ಮೆಕ್ಕೆಜೋಳ), ಜೊತೆಗೆ ಸುಕುಮಾ ಎಂಬ ಸೊಪ್ಪಿನ ಪಲ್ಯ, ಬೀನ್ಸ್, ಹಾಲು ಹಾಕಿದ ಚಹಾ. ಮುದ್ದೆ ಉಂಡು ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ವಾರಕ್ಕೆ 200ರಿಂದ 220 ಕಿ.ಮೀ. ಓಟ. ಮಂಗಳವಾರ ಮಣ್ಣಿನ ಟ್ರ್ಯಾಕ್: 1600 ಮೀಟರನ್ನು 8 ಸಲ, ಮೇಲೆ 400 ಮೀಟರನ್ನು 8 ಸಲ, ಇಂಥ ಪಟ್ಟಿ. ಗುರುವಾರ ಉದ್ದದ ಓಟ, ಒಂದು ವಾರ 30 ಕಿ.ಮೀ., ಮರುವಾರ 40, ಏರುತಗ್ಗಿನ ಕೆಮ್ಮಣ್ಣಿನ ರಸ್ತೆಯಲ್ಲಿ. ಶನಿವಾರ ಫಾರ್ಟ್‌ಲೆಕ್: 3 ನಿಮಿಷ ಜೋರು, 1 ನಿಮಿಷ ನಿಧಾನ, ಹೀಗೆ 13 ಸಲದ ತನಕ. ಉಳಿದ ದಿನ ಬೆಳಿಗ್ಗೆ ಸಂಜೆ ಹಗುರ ಓಟ. ಈ ಹಗುರ ಅನ್ನುವ ಮಾತನ್ನು ದಯವಿಟ್ಟು ಗಮನಿಸಿ. ಸ್ಪರ್ಧೆಯಲ್ಲಿ ಕಿಲೋಮೀಟರನ್ನು 2:53ಕ್ಕೆ ಓಡುವವರು ಹಗುರ ಓಟವನ್ನು ಕಿಲೋಮೀಟರಿಗೆ 5 ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡು, ಹರಟೆ ಹೊಡೆಯುತ್ತಾ ಶುರುಮಾಡುತ್ತಾರೆ. ಬಿರುಸಿನ ಮೂರು ದಿನವೂ ಶೇ. 80ರಷ್ಟೇ ಹಾಕುವುದು, ಉಳಿದ ದಿನ ಶೇ. 50 ಎಂದು ಅವರೇ ಹೇಳಿದ್ದಾರೆ. ಮಾಡಿದ ಪ್ರತಿ ಓಟವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ಬೇರೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ತನಕ ನಮ್ಮ ಹವ್ಯಾಸಿ ಓಟಗಾರರು ಎಡವುವುದು ಇಲ್ಲೇ. ಮಂಗಳವಾರದ ಟ್ರ್ಯಾಕ್ ಪಟ್ಟಿಯನ್ನು ನಕಲು ಮಾಡುತ್ತಾರೆ, ಸೋಮವಾರದ ನಿಧಾನವನ್ನು ಮಾಡುವುದಿಲ್ಲ. ಕೈಗಡಿಯಾರ ತೋರಿಸುವ ಸರಾಸರಿ ಕೆಡುತ್ತದೆ ಅಂತ ಹಗುರ ದಿನವೂ ಏದುಸಿರು ಬಿಡುತ್ತಾರೆ. ಎಂಟು ಹತ್ತು ವಾರದಲ್ಲಿ ಮೊಣಕಾಲ ಕೆಳಗಿನ ಮುಂಗಾಲಿನ ಮೂಳೆ ನೋವು ಶುರು, ಅಥವಾ ಹಿಮ್ಮಡಿ. ಕಿಪ್‌ಚೋಗೆ ಪಟ್ಟಿಯಲ್ಲಿ ನಕಲು ಮಾಡಬಹುದಾದ್ದು ಆ ನಿಧಾನ ಒಂದೇ. ಉಳಿದದ್ದಕ್ಕೆ ಹದಿನೈದು ವರ್ಷದ ಕಾಲು ಬೇಕು.

ಇನ್ನೊಂದು ಹೊಟ್ಟೆಯ ಲೆಕ್ಕ. ಓಟಕ್ಕೆ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ ಹತ್ತಿರಹತ್ತಿರ 1 ಕಿಲೋಕ್ಯಾಲರಿ ಖರ್ಚು. 52 ಕಿಲೋ ತೂಗುವವರಿಗೆ ಮ್ಯಾರಥಾನಿಗೆ 2200ರ ಆಸುಪಾಸು. ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಅಂಶ (ಗ್ಲೈಕೋಜೆನ್) ಅಷ್ಟಕ್ಕೆ ಸಾಲುವುದಿಲ್ಲ, 30ರ ನಂತರ ಕಾಲು ಕೈಕೊಡುವುದು ಅದಕ್ಕೇ. ದಾರಿಯಲ್ಲಿ ಸಕ್ಕರೆ ಅಂಶ ಕುಡಿಯಲೇಬೇಕು. ಆದರೆ ಓಡುವಾಗ ರಕ್ತವೆಲ್ಲ ಕಾಲಿಗೆ, ಹೊಟ್ಟೆಗೆ ಕಡಿಮೆ; ಗಟ್ಟಿ ಸಕ್ಕರೆ ನೀರು ಅಲ್ಲೇ ನಿಂತು ಓಕರಿಕೆ ತರುತ್ತದೆ. ಅದಕ್ಕೇ ಅಭ್ಯಾಸದ ದಿನಗಳಲ್ಲೇ ಹೊಟ್ಟೆಯನ್ನೂ ಪಳಗಿಸಬೇಕು. ಬರ್ಲಿನ್‌ನಲ್ಲಿ ಅವರಿಗೆ ಬಾಟಲಿ ಕೊಡುತ್ತಿದ್ದ ಕ್ಲಾಸ್ ಹೆನಿಂಗ್ ಶುಲ್ಕೆ ಒಂದು ಮೇಜಿನಿಂದ ಇನ್ನೊಂದಕ್ಕೆ ಸೈಕಲ್ ತುಳಿದು, ಸರಿಯಾದ ಬಾಟಲಿ ಎತ್ತಿ ಹಿಡಿದು, ಅವರು ಅದನ್ನು ಹಿಡಿದ ಕೂಡಲೇ ಮುಷ್ಟಿ ಬಿಗಿದು ಕುಣಿಯುತ್ತಿದ್ದರು. ಜನ ಆ ವಿಡಿಯೋ ನೋಡಿ ನಕ್ಕರು. ಒಂದು ಬಾಟಲಿ ಜಾರಿದರೆ ಏನಾಗುತ್ತದೆ ಅಂತ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

2022ರಲ್ಲಿ ಕಿಪ್‌ಚೋಗೆ ಅದೇ ಬರ್ಲಿನ್‌ನಲ್ಲಿ 2:01:09 ಓಡಿ ತಮ್ಮ ದಾಖಲೆಯನ್ನೇ ಮುರಿದರು. ಆ ಸಲ ಮೊದಲರ್ಧ 59:51, ಕೊನೆಯಲ್ಲಿ ವೇಗ ಸ್ವಲ್ಪ ಇಳಿಯಿತು. ಸಮಯ ಉತ್ತಮ, ಆದರೆ ಓಟದ ಹದಕ್ಕೆ ನನ್ನ ಮತ 2018ಕ್ಕೇ. 2023ರಲ್ಲಿ ಕೆಲ್ವಿನ್ ಕಿಪ್ಟಮ್ ಶಿಕಾಗೋದಲ್ಲಿ 2:00:35 ಓಡಿದಾಗಲೂ ಎರಡನೇ ಅರ್ಧವೇ ವೇಗವಾಗಿತ್ತು. ನಾಲ್ಕು ತಿಂಗಳಲ್ಲಿ ಆ 24ರ ಹುಡುಗ ಕಾರು ಅಪಘಾತದಲ್ಲಿ ಹೋದದ್ದು ಈಗಲೂ ಕರುಳು ಕಿವುಚುವ ಸಂಗತಿ.

ಈಚಿನ ಸೋಲುಗಳನ್ನು ಹಿಡಿದುಕೊಂಡು "ಕಿಪ್‌ಚೋಗೆ ಮುಗಿದರು, ನಿಲ್ಲಿಸಬೇಕಿತ್ತು" ಅನ್ನುವವರಿದ್ದಾರೆ. 2023ರ ಬಾಸ್ಟನ್‌ನಲ್ಲಿ ಆರನೆಯವರು: ಪೇಸರ್ ಇಲ್ಲದ, ಇಳಿದು ಏರುವ ದಾರಿ ಅದು. ಇಳಿಜಾರಿನಲ್ಲಿ ತೊಡೆಯ ಮುಂಭಾಗ ಬ್ರೇಕು ಹಿಡಿದು ಹಿಡಿದು ಸೋಲುತ್ತದೆ, ಅಷ್ಟರಲ್ಲಿ ನ್ಯೂಟನ್ ಏರು ಎದುರಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ದಾರಿಯೂ ಗುಡ್ಡಗಾಡಿನದೇ. ರಿಯೊ, ಟೋಕಿಯೊ ಒಲಿಂಪಿಕ್ಸ್ ಎರಡರಲ್ಲೂ ಚಿನ್ನ ಗೆದ್ದವರು 39ನೇ ವಯಸ್ಸಿನಲ್ಲಿ ಬೆನ್ನುನೋವಿನಿಂದ 30 ಕಿ.ಮೀ. ದಾಟಿ ನಿಂತರು. ನಡೆಯುತ್ತಾ ಶೂ, ಬನಿಯನ್ನು ಪಕ್ಕದಲ್ಲಿದ್ದ ಜನಕ್ಕೆ ಕೊಟ್ಟರು. ಅದರಲ್ಲಿ ನನಗೆ ಅವಮಾನ ಕಾಣುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗವನ್ನು ಹಿಡಿದಿಡುವ ಕಸುಬು ಅವರದು. ಅದಕ್ಕೆ ಹೊರತಾದ ರಸ್ತೆಗೆ, ವಯಸ್ಸಾದ ಮೇಲೆ, ಒಲಿಂಪಿಕ್ಸ್ ಅನ್ನುವ ಒಂದೇ ಕಾರಣಕ್ಕೆ ಹೋದರು.

ಕಪ್ಟಗಟ್‌ನಲ್ಲಿ ಅವರ ಜೊತೆ ಓಡಿದ ಜೆಫ್ರಿ ಕಾಮ್ವೊರೊರ್ 2014ರಲ್ಲಿ ನಮ್ಮ ಬೆಂಗಳೂರಿನ 10ಕೆ ಓಟವನ್ನು 27:44ಕ್ಕೆ ಗೆದ್ದವರು. ಆ ದಿನ ರಸ್ತೆ ಬದಿ ನಿಂತು ನೋಡಿದವರು ಈಗ 2018ರ ಬರ್ಲಿನ್ ವಿಡಿಯೋ ಹಾಕಿಕೊಳ್ಳಿ. ಓಟದ ಗಡಿಯಾರ 1 ಗಂಟೆ 12 ನಿಮಿಷಕ್ಕೆ ಬಂದಾಗ ಕಣ್ಣಿಟ್ಟು ನೋಡಿ. ಬೊಯಿಟ್ ಪಕ್ಕಕ್ಕೆ ಸರಿಯುತ್ತಾರೆ. ಆಮೇಲೆ ಬರೀ ಕಿಪ್‌ಚೋಗೆ ಭುಜ ನೋಡಿ, ಮೇಲೆ ಏರುತ್ತದೆಯೇ ಅಂತ. ಬೆರಳುಗಳು ಬಿಗಿಯುತ್ತವೆಯೇ ಅಂತ ನೋಡಿ. ನಡುವೆ ಒಮ್ಮೊಮ್ಮೆ ತುಟಿ ಅಗಲಿಸಿ ನಗುತ್ತಾರೆ. ನೋವು ಹೆಚ್ಚಾದಾಗ ಮುಖ ಸಡಿಲಿಸಲು ಬೇಕೆಂದೇ ಮಾಡುವ ನಗು ಅದು. ಬ್ರಾಂಡೆನ್‌ಬರ್ಗ್ ಗೇಟು ದಾಟಿ, ಗೆರೆ ದಾಟಿ, ಅವರು ಓಡಿಹೋಗಿ ತಬ್ಬಿಕೊಳ್ಳುವುದು ಪ್ಯಾಟ್ರಿಕ್ ಸಾಂಗ್ ಅವರನ್ನು.